ಹತ್ತರಲ್ಲಿ ಎರಡು

ಹೌಬೆಕ್ ಕಣಿವೆಯ ಜನಕ್ಕೆ ಮೈಯಲ್ಲಿ ಏನಾದರೂ ಆದರೆ ಮೊದಲು ನಾಚಿಕೆಯಾಗುತ್ತದೆ, ಆಮೇಲೆ ನೋವಾಗುತ್ತದೆ. "ಹೇಗಿದ್ದೀರಿ?" ಎಂದು ಯಾರಾದರೂ ಕೇಳಿದರೆ "ಪರವಾಗಿಲ್ಲ, ದೂರೋ ಹಾಗಿಲ್ಲ" ಎನ್ನುವುದು ಅಲ್ಲಿಯ ಮರ್ಯಾದೆ. ಕಾಲು ಮುರಿದವನೂ ಹಾಗೇ ಅನ್ನುತ್ತಾನೆ, ಹೆಂಡತಿಯನ್ನು ಮಣ್ಣು ಮಾಡಿ ಬಂದವನೂ ಹಾಗೇ ಅನ್ನುತ್ತಾನೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವರಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಯಾರ್ಕ್‌ಶೈರಿನ ಆ ಬೆಟ್ಟಗಾಳಿಯಲ್ಲೇ ಅದು ಬೆರೆತುಕೊಂಡಿತ್ತು.

ಅಂಥವರಲ್ಲೂ ನೆವಿಲ್ ಐವ್‌ಸನ್ ಒಂದು ಕೈ ಮೇಲೆ. ಬೆಟ್ಟದ ಇಳಿಜಾರಿನಲ್ಲಿ ಕುರಿಗಳನ್ನು ತಡೆಯುವ ಕಲ್ಲುಗೋಡೆ ಕಟ್ಟುವುದು ಅವನ ಕಸುಬು. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿ ನಿಲ್ಲಿಸಬೇಕು. ಒಮ್ಮೆ ಕಲ್ಲು ಜಾರಿ ಬೆರಳಿನ ಮೇಲೆ ಬಿದ್ದಾಗ ಕರವಸ್ತ್ರ ಸುತ್ತಿಕೊಂಡು ಸಂಜೆಯವರೆಗೂ ಗೋಡೆ ಕಟ್ಟಿ, ಮನೆಗೆ ಬಂದು, "ಸ್ವಲ್ಪ ಚರ್ಮ ಹೋಯ್ತು" ಎಂದಿದ್ದ. ಹೆಂಡತಿ ಡೆನೀಸ್ ಬಟ್ಟೆ ಬಿಚ್ಚಿ ನೋಡಿದರೆ ಬೆರಳಿನ ತುದಿಯೇ ಇರಲಿಲ್ಲ.

ಆದ್ದರಿಂದ ಈಸ್ಟರಿಗೆ ಮುಂಚಿನ ಬುಧವಾರ ಅವನು "ಹೊಟ್ಟೆ ಒಂಚೂರು ಹಿಡಿದ ಹಾಗಿದೆ" ಎಂದಾಗಲೇ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಮುಖ ನೋಡಿದಳು. ಗುರುವಾರ ಅವನು ಊಟದ ತಟ್ಟೆ ದೂರ ಸರಿಸಿದ. ಶುಭ ಶುಕ್ರವಾರ ಬೆಳಿಗ್ಗೆ ಚಾಪೆಲ್ಲಿಗೆ, ಅಂದರೆ ಊರಿನ ಪುಟ್ಟ ಚರ್ಚಿಗೆ, ಹೋಗುವ ಬೂಟು ಹಾಕಿಕೊಳ್ಳಲು ಬಗ್ಗಿದವನು ಹಾಗೇ ಅರ್ಧಕ್ಕೆ ನಿಂತುಬಿಟ್ಟ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅಡುಗೆಮನೆಯ ಕುರ್ಚಿಯ ಬೆನ್ನು ಹಿಡಿದುಕೊಂಡು, ಹಣೆಯಲ್ಲಿ ಬೆವರು ಮೂಡಿಸಿಕೊಂಡು, "ಬೂಟು ಸಣ್ಣದಾಗಿದೆ" ಎಂದ.

"ಬೂಟಿಗೆ ಹೊಟ್ಟೆನೋವು ಬಂದಿದೆಯೇನೋ," ಎಂದಳು ಡೆನೀಸ್. "ಆಂಬುಲೆನ್ಸಿಗೆ ಫೋನು ಮಾಡ್ತೀನಿ."

"ಹೊಟ್ಟೆನೋವಿಗೆ ಆಂಬುಲೆನ್ಸಾ? ಸುಮ್ನಿರು ಹುಡುಗಿ. ಕಣಿವೆಗೆಲ್ಲ ಇರೋದು ಒಂದೇ ಗಾಡಿ. ಅದು ನಮ್ಮ ಬಾಗಿಲಲ್ಲಿ ನಿಂತಿರೋವಾಗ ಅಲ್ಲಿ ಯಾರಿಗೋ ಎದೆ ನಿಂತುಹೋದ್ರೆ? ಆ ಪಾಪ ನಾನು ಹೊರಬೇಕಾ?"

ಮದುವೆಯಾಗಿ ಮೊಮ್ಮಕ್ಕಳನ್ನು ಕಂಡಿದ್ದರೂ ಅವನು ಅವಳನ್ನು ಹುಡುಗಿ ಎಂದೇ ಕರೆಯುತ್ತಿದ್ದ. ಊರಿನ ಡಾಕ್ಟರು ಈಸ್ಟರ್ ರಜೆಗೆ ಬಾಗಿಲು ಹಾಕಿದ್ದರು, ಇನ್ನು ತೆರೆಯುವುದು ಮಂಗಳವಾರಕ್ಕೆ. ದೊಡ್ಡ ಆಸ್ಪತ್ರೆ ಬೆಟ್ಟ ದಾಟಿ ಪಟ್ಟಣದಲ್ಲಿ. ಕಣ್ಣಿಗೆ ಪೊರೆ ಬಂದ ಮೇಲೆ ಡೆನೀಸ್ ವ್ಯಾನು ಓಡಿಸುವುದನ್ನು ಬಿಟ್ಟಿದ್ದಳು. ಉಳಿದದ್ದು ಒಂದೇ ದಾರಿ, ತುರ್ತಲ್ಲದ ಕಾಯಿಲೆಗಳಿಗೆಂದು ಇರುವ ಸಹಾಯವಾಣಿ. ಅದಕ್ಕೆ ನೆವಿಲ್ ಒಪ್ಪಿದ. "ಅದು ಸರಿ. ಅದು ನಮ್ಮಂಥೋರಿಗೇ ಇರೋದು," ಎಂದ.

ಆ ಕಣಿವೆಯಲ್ಲಿ ಮೊಬೈಲು ಹಿಡಿಯುವುದಿಲ್ಲ. ಐವ್‌ಸನ್ನರ ಫೋನು ಮನೆಯ ನಡುವಿನ ಓಣಿಯಲ್ಲಿ ಗೋಡೆಗೆ ಅಂಟಿಕೊಂಡಿತ್ತು, ಅದರ ಸುರುಳಿ ವೈರು ಎಳೆದರೆ ಅಡುಗೆಮನೆಯ ಹೊಸ್ತಿಲಿನವರೆಗೆ ಬರುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಹೊಸ್ತಿಲಿನಲ್ಲಿ ನಿಂತರೆ ಕುರ್ಚಿಯಲ್ಲಿ ಕುಳಿತವನ ಹೆಗಲಷ್ಟೇ ಕಾಣುತ್ತಿತ್ತು.

ಮೊದಲು ರೆಕಾರ್ಡ್ ಮಾಡಿಟ್ಟ ದನಿಯೊಂದು ಬಂತು. ಉಸಿರು ನಿಂತಿದ್ದರೆ ಈ ನಂಬರಲ್ಲ, ಬೇರೆ ನಂಬರಿಗೆ ಮಾಡಿ ಎಂದಿತು. ಆಮೇಲೆ ಸಂಗೀತ. ಒಂದೇ ಪಿಟೀಲು, ಒಂದೇ ಸಾಲು, ಮುಗಿಯುವ ಹೊತ್ತಿಗೆ ಮತ್ತೆ ಮೊದಲಿನಿಂದ, ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ. ನಡುನಡುವೆ ಆ ದನಿ, "ನಿಮ್ಮ ಕರೆ ನಮಗೆ ಮುಖ್ಯ," ಎನ್ನುತ್ತಿತ್ತು. ಡೆನೀಸ್ ಎರಡು ಸಲ "ಧನ್ಯವಾದ" ಎಂದಳು. ಆಮೇಲೆ, ಅಲ್ಲಿ ಯಾರೂ ಇಲ್ಲ ಎಂದು ನೆನಪಾಗಿ ಸುಮ್ಮನಾದಳು.

ಕೊನೆಗೊಬ್ಬ ಹೆಂಗಸು ಬಂದಳು. ದಣಿದಿದ್ದರೂ ಸಿಡುಕಿಲ್ಲದ ನಗರದ ದನಿ.

"ಪೇಷೆಂಟ್ ಉಸಿರಾಡ್ತಿದಾರಾ ಮೇಡಂ?"

"ಉಸಿರಾಡ್ತಿದಾನೆ. ಈಗ ತಾನೇ ನನ್ನ ಹತ್ರ ಜಗಳ ಆಡಿದ."

"ಪ್ರಜ್ಞೆ ಇದೆಯಾ?"

"ಇದೆ. ಹೊಟ್ಟೆನೋವು ಅವನಿಗೆ. ಬುಧವಾರದಿಂದ."

"ಹೊಟ್ಟೆ ವಿಷಯಕ್ಕೆ ಬರ್ತೀನಿ ಮೇಡಂ. ನಾನು ಸಾಲಾಗಿ ಕೇಳ್ಬೇಕು. ಎಲ್ಲಾದ್ರೂ ಜೋರಾಗಿ ರಕ್ತ ಹೋಗ್ತಿದೆಯಾ? ನಾಲಿಗೆ ಊದಿದೆಯಾ? ಇತ್ತೀಚೆಗೆ ಹೊರದೇಶಕ್ಕೆ ಹೋಗಿದ್ರಾ?"

"ಸ್ಕಾಟ್ಲೆಂಡಿಗೆ ಒಂದ್ಸಲ ಹೋಗಿದ್ದ. ಇಷ್ಟ ಆಗ್ಲಿಲ್ಲ."

ಕೇಳಿದ್ದಕ್ಕೆಲ್ಲ ಡೆನೀಸ್ ಹೊಸ್ತಿಲಿನಿಂದ ಒಳಕ್ಕೆ ಕೂಗುವಳು, ನೆವಿಲ್ ಗೊಣಗುವನು, ಅವಳು ಅದನ್ನು ಫೋನಿಗೆ ಹೇಳುವಳು. ಸ್ವಲ್ಪ ಹೊತ್ತಾದ ಮೇಲೆ ಆ ಹೆಂಗಸು, "ಪೇಷೆಂಟಿಗೆ ಮಾತಾಡೋಕಾದ್ರೆ ಅವರ ಬಾಯಲ್ಲೇ ಕೇಳ್ಬೇಕು, ಅದು ನಮ್ಮ ನಿಯಮ," ಎಂದಳು.

ನೆವಿಲ್ ಎದ್ದ. ಒಂದು ಕೈ ಹೊಟ್ಟೆಯ ಬಲಗಡೆ, ಇನ್ನೊಂದು ಕೈ ಗೋಡೆ ಮೇಲೆ. ಮೇಜಿನಿಂದ ಹೊಸ್ತಿಲಿಗೆ ಬರುವಷ್ಟರಲ್ಲಿ ಅವನ ಮುಖ ಸುಣ್ಣದ ಹಾಗಾಯಿತು. ಆದರೆ ಫೋನು ಕಿವಿಗಿಟ್ಟುಕೊಂಡದ್ದೇ ತಡ, ದನಿಗೆ ಅದೆಲ್ಲಿಂದಲೋ ಭಾನುವಾರದ ಕಳೆ ಬಂತು.

"ನಮಸ್ಕಾರ ತಾಯಿ. ಹಬ್ಬದ ದಿನ ನಿಮಗೆ ತೊಂದ್ರೆ ಕೊಡ್ತಿದೀವಿ. ಏನಿಲ್ಲ, ಒಂಚೂರು ಹೊಟ್ಟೆನೋವು... ಹಾಂ... ಹಾಂ... ನಡೆಯೋಕಾಗುತ್ತೆ, ಈಗ ನಡ್ಕೊಂಡೇ ಬಂದೆನಲ್ಲ."

ಡೆನೀಸ್‌ಗೆ ಫೋನಿನೊಳಗಿನ ಮುಂದಿನ ಪ್ರಶ್ನೆ ಕೇಳಿಸಿತು. ಒಂದರಿಂದ ಹತ್ತರಲ್ಲಿ ನೋವು ಎಷ್ಟು, ಹತ್ತು ಅಂದರೆ ಮನುಷ್ಯ ಊಹಿಸಬಹುದಾದಂಥ ಅತಿ ದೊಡ್ಡ ನೋವು. ನೆವಿಲ್ ಗೋಡೆ ನೋಡುತ್ತ ಲೆಕ್ಕ ಹಾಕುವವನಂತೆ ನಿಂತಿದ್ದ.

"ಎರಡು," ಎಂದ.

ಅಲ್ಲಿಗೆ ತೀರ್ಮಾನವಾಯಿತು. ಯಾರಾದರೊಬ್ಬ ಡಾಕ್ಟರು ತಾವೇ ಫೋನು ಮಾಡುತ್ತಾರೆ, ಸಂಜೆಯಾಗಬಹುದು, ರಜೆಯಾದ್ದರಿಂದ ಇನ್ನೂ ತಡವಾಗಬಹುದು. ಲೈನು ಖಾಲಿ ಇಟ್ಟಿರಿ, ಫೋನಿನ ಹತ್ತಿರವೇ ಇರಿ. ಅವರು ಮಾಡಿದಾಗ ಸಿಕ್ಕದಿದ್ದರೆ ಮತ್ತೆ ಸಾಲಿನ ಕೊನೆಗೆ ಹೋಗುತ್ತೀರಿ. ಹೆಚ್ಚಾದರೆ ಮತ್ತೆ ಇದೇ ನಂಬರಿಗೆ ಮಾಡಿ.

ಡೆನೀಸ್ ಅಡುಗೆಮನೆಯಿಂದ ಒಂದು ಸ್ಟೂಲು ತಂದು ಓಣಿಯಲ್ಲಿ ಹಾಕಿಕೊಂಡು ಕುಳಿತಳು. ಆಗ ತಿಳಿಯಿತು ಅವಳಿಗೆ ತಾನು ಎಲ್ಲಿ ಸಿಕ್ಕಿಬಿದ್ದಿದ್ದೇನೆಂದು. ಮಗಳಿಗೆ ಫೋನು ಮಾಡೋಣವೆಂದರೆ ಲೈನು ಖಾಲಿ ಇರಬೇಕು. ಪಕ್ಕದ ಮನೆಗೆ ಓಡೋಣವೆಂದರೆ ಫೋನಿನ ಹತ್ತಿರವಿರಬೇಕು. ಗಂಡನ ಬಳಿ ಕೂರೋಣವೆಂದರೆ ನೀರು ಕಾಯುವ ಸದ್ದಿನಲ್ಲಿ ಗಂಟೆ ಕೇಳಿಸದೇ ಹೋದರೆ? ಬಾಗಿಲಿಗೆ ಬೀಗವಿರಲಿಲ್ಲ, ಕಾಲಿಗೆ ಸರಪಳಿಯಿರಲಿಲ್ಲ. ಆದರೂ ಬೋನಿಗೆ ಬಿದ್ದ ಇಲಿಯ ಹಾಗೆ ಅವಳು ಆ ಓಣಿಯಲ್ಲಿ ಕುಳಿತಳು. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದರೆ ಪಿಟೀಲಿನ ಅದೇ ಸಾಲು ತಲೆಯಲ್ಲಿ ಸುತ್ತುತ್ತಿತ್ತು. ದೇವರೂ ಬೇರೆ ಯಾರದೋ ಕರೆಯಲ್ಲಿದ್ದಾನೇನೋ ಎಂದು ಒಂದು ಗಳಿಗೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಪಟ್ಟಳು.

ಮಧ್ಯಾಹ್ನ ಬೆರಿಲ್ ಆಲ್ಡರ್‌ಸನ್ ಬಂದಳು. ಎರಡು ಮನೆ ಆಚೆಯ ಮುದುಕಿ, ಬಾಯಿ ಜೋರು. ಚಾಪೆಲ್ಲಿನ ಮೂರು ಗಂಟೆಯ ಪ್ರಾರ್ಥನೆಗೆ ಡೆನೀಸಳನ್ನು ಕರೆದೊಯ್ಯಲು ಬಂದವಳ ಕೈಯಲ್ಲಿ ಶಿಲುಬೆ ಗುರುತಿನ ಬನ್ನುಗಳ ತಟ್ಟೆಯಿತ್ತು.

"ಇದೇನೇ ಇದು, ಓಣಿಯಲ್ಲಿ ಕೋಳಿ ಕಾವಿಗೆ ಕೂತ ಹಾಗೆ ಕೂತಿದೀಯ?"

ಡೆನೀಸ್ ವಿಷಯ ಹೇಳಿದಳು. ಬೆರಿಲ್ ಕೈ ಕೊಡವಿದಳು.

"ಅಯ್ಯೋ, ಆ ನಂಬರಾ! ಹೋದ ಚಳಿಗಾಲ ನನ್ನ ಪಾದ ಊದಿದಾಗ ನಾನೂ ಮಾಡಿದ್ದೆ ಕಣೇ. ಬಸುರಿಯಾಗೋ ಸಾಧ್ಯತೆ ಇದೆಯಾ ಅಂತ ಕೇಳಿದ್ರು. ನನ್ನ ವಯಸ್ಸು ಹೇಳಿದೀನಿ, ಎಪ್ಪತ್ತಮೂರು ಅಂತ. ಆದ್ರೂ ಕೇಳಲೇಬೇಕಂತೆ. ‘ಹಾಗೇನಾದ್ರೂ ಆದ್ರೆ, ಮುದುಕಿಯಾದ ಮೇಲೆ ಹೆತ್ತ ಬೈಬಲ್ಲಿನ ಸಾರಳ ನಂತರ ನಾನೇ ಎರಡನೆಯವಳು, ಪಾದ್ರಿಗೆ ಹೇಳಿ ಕಳ್ಸಿ’ ಅಂದೆ. ಆ ಹುಡುಗಿ ಅದನ್ನೂ ಬರ್ಕೊಂಡ್ಲೋ ಏನೋ."

ಡೆನೀಸ್‌ಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. "ಬೆರಿಲ್, ನಿಮ್ಮನೆಯವ್ರು ರೇಮಂಡ್ ಕಾರಲ್ಲಿ ಆಸ್ಪತ್ರೆಗೆ ಬಿಡ್ತಾರಾ?"

ಅಷ್ಟರಲ್ಲಿ ಒಳಗಿನಿಂದ ನೆವಿಲ್ ಕೂಗಿದ. "ರೇಮಂಡನ್ನ ಕರೀಬೇಡ. ಕುರಿ ಈಯೋ ಹೊತ್ತು ಇದು. ಅವನು ಬೆಟ್ಟದ ಮೇಲಿರ್ತಾನೆ. ನಾನೀಗ ಸರಿಯಾಗಿದೀನಿ. ನೋವು ಹೋಯ್ತು."

ಇಬ್ಬರೂ ಅಡುಗೆಮನೆಗೆ ಹೋಗಿ ನೋಡಿದರು. ನೆವಿಲ್ ನಿಜಕ್ಕೂ ನೆಟ್ಟಗೆ ಕುಳಿತಿದ್ದ. "ಯಾರೋ ಹಗ್ಗ ಕತ್ತರಿಸಿದ ಹಾಗೆ ತಟಕ್ಕಂತ ಹೋಯ್ತು," ಎಂದು ನಕ್ಕ. ಬೆರಿಲ್ ದೇವರಿಗೆ ಸ್ತೋತ್ರ ಹೇಳಿ, ಬನ್ನಿನ ತಟ್ಟೆ ಮೇಜಿನ ಮೇಲಿಟ್ಟು, ಪ್ರಾರ್ಥನೆಗೆ ಹೊತ್ತಾಯಿತೆಂದು ಹೊರಟಳು.

ಡೆನೀಸಳ ಹೆಗಲಿನಿಂದ ಬೆಟ್ಟ ಇಳಿದಂತಾಯಿತು. ಗಂಡನಿಗೆ ಚಹಾ ಮಾಡಿ ಕೊಟ್ಟಳು. ಅವನು ಲೋಟ ಹಿಡಿದುಕೊಂಡ, ಕುಡಿಯಲಿಲ್ಲ. ಚಹಾ ಆರಿತು. ಲೋಟದೊಳಗೆ ಸಣ್ಣ ಸಣ್ಣ ಅಲೆ ಏಳುತ್ತಿರುವುದು ಕಂಡು ನೋಡಿದರೆ ಅವನ ಕೈ ನಡುಗುತ್ತಿತ್ತು. ಮುಟ್ಟಿದರೆ ಮೈ ಕೆಂಡ. ಮುಖದ ಬಣ್ಣ ಅವನು ಕಟ್ಟುವ ಗೋಡೆಯ ಬಣ್ಣಕ್ಕೆ ತಿರುಗಿತ್ತು.

"ನೆವಿಲ್, ನೋವಿದೆಯಾ?"

"ಮತ್ತೆ ಬಂದಿದೆ ಅನ್ಸುತ್ತೆ. ಈ ಸಲ ಎಲ್ಲಾ ಕಡೆ." ಎಂದವನು ಕುರ್ಚಿಯಿಂದ ಮೆಲ್ಲನೆ ಜಾರಿ ಒಲೆಯ ಮುಂದಿನ ಚಾಪೆಯ ಮೇಲೆ ಮೊಣಕಾಲು ಮಡಿಸಿ ಮಲಗಿದ. "ಸ್ವಲ್ಪ ಹೊತ್ತು ಹೀಗೆ ಇರ್ತೀನಿ. ನೀನು ಫೋನ್ ನೋಡ್ಕೋ."

ಡೆನೀಸ್ ಓಣಿಗೆ ಬಂದು ಫೋನು ಕೈಗೆತ್ತಿಕೊಂಡಳು, ಮತ್ತೆ ಇಟ್ಟಳು. ತಾನು ಮಾಡಿದರೆ ಅದೇ ಹೊತ್ತಿಗೆ ಡಾಕ್ಟರು ಮಾಡಿ, ಲೈನು ಸಿಕ್ಕದೆ, ಸಾಲಿನ ಕೊನೆಗೆ ಹೋದರೆ? ಮಾಡದೇ ಕುಳಿತರೆ? ತುರ್ತು ನಂಬರು ಒತ್ತೋಣವೆಂದರೆ ಅವನ ಮಾತು ಅಡ್ಡ ನಿಂತಿತ್ತು: ಆ ಪಾಪ ನಾನು ಹೊರಬೇಕಾ? ಅತ್ತ ದರಿ, ಇತ್ತ ಪುಲಿ. ಇಷ್ಟು ವರ್ಷದಲ್ಲಿ ಹೊರಗಿನವರ ಮುಂದೆ ಅವಳು ಗಂಡನ ಮಾತು ಸುಳ್ಳೆಂದವಳಲ್ಲ. ಎರಡು ಎಂದು ಅವನೇ ಹೇಳಿದ್ದಾನೆ. ಅದು ಎರಡಲ್ಲ ಎನ್ನಲು ತಾನು ಯಾರು? ನೋವಾದರೂ ಅವನದು.

ಕೊನೆಗೆ ಆ ಹಳೆಯ ನಂಬರೇ ಒತ್ತಿದಳು. ಮತ್ತೆ ರೆಕಾರ್ಡಿನ ದನಿ. ಮತ್ತೆ ಪಿಟೀಲು. ಮತ್ತೆ ಬೇರೊಬ್ಬ ಹೆಂಗಸು. "ಪೇಷೆಂಟ್ ಉಸಿರಾಡ್ತಿದಾರಾ?"

"ಇದನ್ನೆಲ್ಲ ಬೆಳಿಗ್ಗೆನೇ ಹೇಳಿದೀನಲ್ಲಮ್ಮ."

"ಗೊತ್ತು ಮೇಡಂ, ಆದ್ರೆ ಹೊಸ ಕರೆಗೆ ಹೊಸದಾಗಿ ಕೇಳ್ಬೇಕು. ನಾಲಿಗೆ ಊದಿದೆಯಾ?"

ನಾಲಿಗೆ, ರಕ್ತ, ಹೊರದೇಶ. ಉತ್ತರ ಕೊಟ್ಟಷ್ಟೂ ಪ್ರಶ್ನೆಗಳು ಬಾವಿಯ ಮೆಟ್ಟಿಲಿನ ಹಾಗೆ ಕೆಳಕ್ಕಿಳಿಯುತ್ತಲೇ ಹೋದವು. ಜ್ವರ, ನಡುಕ, ಹೋಗಿ ಬಂದ ನೋವು ಎಂದು ಕೇಳಿದ ಮೇಲೆ ಆ ಹೆಂಗಸು, "ಒಬ್ಬ ನರ್ಸಿಗೆ ಕೊಡ್ತೀನಿ, ಇಡಬೇಡಿ," ಎಂದಳು.

ನರ್ಸಿನ ಹೆಸರು ಬ್ರಿಜೆಟ್. ನಿಧಾನದ ದನಿ. "ಹೇಳಮ್ಮ," ಎಂದಳು, ಕೇಳಿದಳು. ಆಮೇಲೆ, "ಬೆಳಿಗ್ಗೆ ಅವರು ನೋವು ಎರಡು ಅಂದಿದಾರೆ ಅಂತ ಇದೆ ಇಲ್ಲಿ. ಈಗ ಎಷ್ಟಂತೆ? ಕೇಳಿ ನೋಡಿ," ಎಂದಳು.

ಡೆನೀಸ್ ವೈರು ಬಿಗಿಯುವಷ್ಟು ಎಳೆದುಕೊಂಡು ಹೊಸ್ತಿಲಿಗೆ ಬಂದಳು. ಅಲ್ಲಿಂದ ಅವನ ಸಾಕ್ಸಿನ ಪಾದಗಳಷ್ಟೇ ಕಂಡವು.

"ನೆವಿಲ್, ಎಷ್ಟು ಅಂತ ಕೇಳ್ತಿದಾರೆ."

"ಎರಡು. ಹೇಳಿದೆನಲ್ಲ," ಎಂದಿತು ಒಲೆಯ ಕಡೆಯಿಂದ ದನಿ. ಅದು ನೆವಿಲನ ದನಿಯಲ್ಲ, ಯಾರೋ ಹಲ್ಲು ಕಚ್ಚಿ ತಳ್ಳಿದ ಗಾಳಿ.

ಡೆನೀಸ್ ಫೋನಿಗೆ, "ಒಂದು ನಿಮಿಷ. ನಾನು ಅವನ ಹತ್ರ ಹೋಗ್ಬೇಕು. ದಯವಿಟ್ಟು ಇಟ್ಟುಬಿಡಬೇಡಿ," ಎಂದಳು.

"ನಾನೆಲ್ಲೂ ಹೋಗಲ್ಲ," ಎಂದಳು ಬ್ರಿಜೆಟ್.

ಡೆನೀಸ್ ಫೋನನ್ನು ನೆಲದ ಮೇಲಿಟ್ಟು, ಒಳಗೆ ಹೋಗಿ, ಗಂಡನ ತಲೆಯ ಬಳಿ ಕುಳಿತಳು.

"ಯಾಕೆ ಎರಡು ಅಂತೀಯ?"

ಅವನು ಕಣ್ಣು ಮುಚ್ಚಿದ್ದ. "ಹತ್ತು ಅಂದ್ರೆ ಮನುಷ್ಯ ಊಹಿಸಬಹುದಾದ ಅತಿ ದೊಡ್ಡ ನೋವು ಅಂದ್ಲು ಆಕೆ."

"ಹೂಂ."

"ಇವತ್ತು ಯಾವ ದಿನ ಹುಡುಗಿ? ಇವತ್ತು ಆತನ ಅಂಗೈಗೆ ಮೊಳೆ ಹೊಡೆದ ದಿನ. ನಾನು ಅದನ್ನ ಊಹಿಸಿ ನೋಡ್ದೆ. ಅದು ಹತ್ತಾದ್ರೆ, ಬೆಚ್ಚಗೆ ಒಲೆ ಮುಂದೆ ಬಿದ್ದಿರೋ ನಂದು ಎಷ್ಟು? ಎರಡೇ ಜಾಸ್ತಿ. ಒಂದು ಅನ್ನೋಣ ಅಂತಿದ್ದೆ, ನೀನು ಗಾಬರಿಯಾಗಿದ್ದೆ ಅಂತ ಎರಡು ಅಂದೆ."

ರಸ್ತೆಯಾಚೆಯ ಚಾಪೆಲ್ಲಿನಲ್ಲಿ ಹಾಡು ಶುರುವಾಗಿತ್ತು, ಕಿಟಕಿಯ ಗಾಜಿನಲ್ಲಿ ಸಣ್ಣಗೆ ಕೇಳುತ್ತಿತ್ತು. ಈ ಮನುಷ್ಯನ ಮೇಲೆ ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ, ತಾಯಿಗೆ ಹಟಮಾರಿ ಮಗುವಿನ ಮೇಲೆ ಬರುವಂಥದ್ದು.

"ನೆವಿಲ್," ಎಂದಳು, "ಆತ ಎರಡು ಅನ್ನಲಿಲ್ಲ."

ಅವನು ಕಣ್ಣು ತೆರೆದ.

"ಚಿಕ್ಕಂದಿನಿಂದ ನೀನೂ ಓದಿದೀಯ, ನಾನೂ ಓದಿದೀನಿ. ಶಿಲುಬೆ ಮೇಲೆ ಬಾಯಾರಿದೆ ಅಂದ. ಎಲ್ಲರ ಮುಂದೆ ಅಂದ, ನಾಚ್ಕೊಳ್ಳಲಿಲ್ಲ. ನನ್ನನ್ನ ಯಾಕೆ ಕೈಬಿಟ್ಟೆ ಅಂತ ದೊಡ್ಡ ದನಿಯಲ್ಲಿ ಕೂಗಿದ. ದೊಡ್ಡ ದನಿ ಅಂತಾನೇ ಬರೆದಿದೆ. ಪರವಾಗಿಲ್ಲ, ದೂರೋ ಹಾಗಿಲ್ಲ ಅಂದ ಅಂತ ಎಲ್ಲಾದ್ರೂ ಬರೆದಿದೆಯಾ? ದೇವರ ಮಗನಿಗೇ ಕೂಗೋದು ಅವಮಾನ ಅನ್ನಿಸಲಿಲ್ಲ. ನೀನು ಗೋಡೆ ಕಟ್ಟೋನು, ನಿನಗೆ ಅವಮಾನನಾ?"

ನೆವಿಲ್ ಚಾವಣಿ ನೋಡುತ್ತ ಆ ಮಾತನ್ನು ತೂಗಿದ. ಕಲ್ಲೊಂದನ್ನು ಕೈಯಲ್ಲಿ ತಿರುಗಿಸಿ ಎಲ್ಲಿ ಕೂರುತ್ತದೆಂದು ನೋಡುವಾಗ ಅವನ ಮುಖ ಹಾಗೇ ಇರುತ್ತಿತ್ತು. ಅವಸರಪಡಿಸಿದರೆ ಕೆಡುತ್ತದೆಂದು ಡೆನೀಸ್‌ಗೆ ಗೊತ್ತಿತ್ತು. ಆದರೆ ಅವಳೊಳಗಿನ ಪ್ರತಿಯೊಂದು ನರವೂ ಬೇಗ, ಬೇಗ ಎನ್ನುತ್ತಿತ್ತು.

"ನೀನು ಹೇಳೋದ್ರಲ್ಲಿ ಅರ್ಥ ಇದೆ," ಎಂದ ಕೊನೆಗೆ. "ಹಾಗಾದ್ರೆ ಒಂಬತ್ತು ಅಂತ ಹೇಳು. ಹತ್ತು ಮಾತ್ರ ಬೇಡ. ಅದು ಆತನಿಗೇ ಇರ್ಲಿ."

ಡೆನೀಸ್ ಓಣಿಗೆ ಓಡಿದಳು. "ಒಂಬತ್ತಂತೆ," ಎಂದಳು. "ಬೆಳಿಗ್ಗೆನೂ ಅಷ್ಟೇ ಇದ್ದಿರ್ಬೇಕು. ಅವನು ಎರಡು ಅಂದಿದ್ದನ್ನ ನಂಬಬೇಡಿ. ಇವತ್ತು ಶುಭ ಶುಕ್ರವಾರ ಅಂತ ಅವನು ಯೇಸುವಿಗೆ ಹೋಲಿಸಿ ಹೇಳ್ಬಿಟ್ಟಿದ್ದಾನೆ."

"ಇದನ್ನ ಎಲ್ಲಿ ಬರೀಬೇಕೋ ನನಗೆ ಗೊತ್ತಿಲ್ಲಮ್ಮ," ಎಂದಳು ಬ್ರಿಜೆಟ್. "ಆದ್ರೆ ನಮ್ಮಪ್ಪನೂ ಇಂಥೋನೇ. ಒಂದು ಕೆಲಸ ಮಾಡಿ. ಹೋಗಿ ಅವರ ಹೊಟ್ಟೆ ಮೇಲೆ ಮೆಲ್ಲಗೆ ಕೈ ಇಟ್ಟು ನೋಡಿ. ಮೆತ್ತಗಿದೆಯಾ, ಗಟ್ಟಿನಾ?"

ಡೆನೀಸ್ ಹೋಗಿ ಬಂದಳು. "ಹಲಗೆ ಇದ್ದ ಹಾಗಿದೆ."

"ಆಂಬುಲೆನ್ಸ್ ಕಳಿಸ್ತಿದೀನಿ. ಈಗಲೇ. ಏನೂ ತಿನ್ನೋಕೆ, ಕುಡಿಯೋಕೆ ಕೊಡಬೇಡಿ. ಬಾಗಿಲು ತೆರೆದಿಡಿ."

"ನಾನು ಫೋನಿನ ಹತ್ರಾನೇ ಇರ್ಬೇಕಾ?" ಎಂದು ಕೇಳಿದಳು ಡೆನೀಸ್. "ಬೆಳಿಗ್ಗೆಯಿಂದ ಇಲ್ಲೇ ಇದೀನಿ. ಅವನ ಪಕ್ಕ ಕೂತ್ಕೋಬೇಕು ನನಗೆ."

"ಫೋನ್ ಹಾಗೇ ನೆಲದ ಮೇಲೆ ಬಿಟ್ಟು ಹೋಗಿ ಅಮ್ಮ. ನಾನು ಕೇಳಿಸ್ಕೋತಿರ್ತೀನಿ. ಏನಾದ್ರೂ ಆದ್ರೆ ಕೂಗಿ."

ಆಂಬುಲೆನ್ಸು ಬೆಟ್ಟ ಹತ್ತಿ ಇಳಿದು ಬರುವವರೆಗೂ ಆ ಫೋನು ಓಣಿಯ ನೆಲದ ಮೇಲೆ ಬಾಯಿ ಮೇಲೆ ಮಾಡಿಕೊಂಡು ಬಿದ್ದಿತ್ತು. ಡೆನೀಸ್ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಗೊಮ್ಮೆ ಈಗೊಮ್ಮೆ, "ಇದಾನೆ, ಉಸಿರಾಡ್ತಿದಾನೆ," ಎಂದು ಯಾರೂ ಪ್ರಶ್ನೆ ಕೇಳದಿದ್ದರೂ ಓಣಿಯ ಕಡೆಗೆ ಕೂಗಿ ಹೇಳುತ್ತಿದ್ದಳು. ಆಮೇಲೆ ಅದು ಹೇಳಿಕೆಯೋ ಪ್ರಾರ್ಥನೆಯೋ ಅವಳಿಗೇ ತಿಳಿಯದಾಯಿತು.

ನೋವು ತಟಕ್ಕನೆ ಹೋದ ಗಳಿಗೆಯಲ್ಲೇ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ನಂಜಾಗಿತ್ತು. ಅಂದೇ ಸಂಜೆ ಕೊಯ್ದು ತೊಳೆದರು. ಇನ್ನೊಂದಿಷ್ಟು ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಮ್ಮ ಮಾಸ್ಕು ಇಳಿಸಿಕೊಂಡು ಹೇಳಿದರು. ಬದುಕುತ್ತಾನೆ ಎಂದೂ ಹೇಳಿದರು.

ಶನಿವಾರ ಬೆಳಿಗ್ಗೆ ಬೆರಿಲ್ ಆಸ್ಪತ್ರೆಗೆ ಫೋನು ಮಾಡಿ ಡೆನೀಸಳನ್ನು ಲೈನಿಗೆ ಕರೆಸಿಕೊಂಡಳು. "ನಿಮ್ಮನೆ ಕೋಳಿಗೆ ಕಾಳು ಹಾಕೋಕೆ ಹೋಗಿ, ನೆಲದ ಮೇಲೆ ಬಿದ್ದಿದ್ದ ಫೋನ್ ಎತ್ತಿ ಗೋಡೆಗೆ ಹಾಕ್ದೆ. ಹಾಕಿದ್ದೇ ತಡ, ಗಂಟೆ ಹೊಡೀತು ನೋಡು. ಯಾರೋ ಡಾಕ್ಟರು. ನಿನ್ನೆ ಬೆಳಿಗ್ಗೆ ಹೇಳಿದ ಹೊಟ್ಟೆನೋವು ಇನ್ನೂ ಇದೆಯಾ ಅಂತ ಕೇಳಿದ್ರು. ಹೊಟ್ಟೆನೋವು ಪಟ್ಟಣಕ್ಕೆ ಹೋಗಿದೆ, ನೆವಿಲನ್ನೂ ಜೊತೆಗೆ ಕರ್ಕೊಂಡು ಹೋಗಿದೆ ಅಂದೆ. ಒಳ್ಳೇದಾಗ್ಲಿ ಅಂದ್ರು. ಪಾಪ, ಒಳ್ಳೆ ಮನುಷ್ಯ."

ಡೆನೀಸ್ ವಾರ್ಡಿಗೆ ಮರಳಿ ಬಂದಾಗ ಔಷಧಿಯ ಅಮಲು ಇಳಿಯುತ್ತಿತ್ತು. ನೆವಿಲ್ ನರಳುತ್ತಿದ್ದ. ಮೊದಲು ಸಣ್ಣಗೆ, ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ. "ಅಯ್ಯೋ, ತಡೆಯೋಕಾಗ್ತಿಲ್ಲ," ಎಂದ. ಇಷ್ಟು ವರ್ಷದಲ್ಲಿ ಅವಳು ಅವನ ಬಾಯಿಂದ ಕೇಳದ ಮಾತು.

ಪಕ್ಕದ ಹಾಸಿಗೆಯ ಮನುಷ್ಯ ಪತ್ರಿಕೆ ಇಳಿಸಿ, "ನಿಮ್ಮೆಜಮಾನ್ರು ಯಾವಾಗ್ಲೂ ಹೀಗೇನಾ?" ಎಂದು ಕೇಳಿದ.

"ಇಲ್ಲ," ಎಂದಳು ಡೆನೀಸ್. "ಈಗ ತಾನೇ ಕಲೀತಿದಾನೆ. ಸ್ವಲ್ಪ ಸಹಿಸ್ಕೊಳ್ಳಿ."

ಅವಳು ನರ್ಸನ್ನು ಕರೆದು ಬಂದು, ಕುರ್ಚಿಯನ್ನು ಹಾಸಿಗೆಗೆ ತೀರ ಹತ್ತಿರ ಎಳೆದುಕೊಂಡು, ಅವನ ಮೊಂಡು ಬೆರಳಿನ ಕೈ ಹಿಡಿದು ಕುಳಿತಳು.